ಇಂದಿನ ಚಿಂತನೆ: ಹಳೆಯ ಸಿಲಿಂಡರ್ ಯಾರ ಕೈಗೆ?



ನಮ್ಮ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವವರ ಬೆನ್ನ ಮೇಲಿನ ಸಿಲಿಂಡರ್ ಫೋಟೋಗಳಲ್ಲಿ ನೋಡಿರುತ್ತೀರಿ. ಒಳಗಿರುವುದು ಬರೀ ಆಮ್ಲಜನಕವಲ್ಲ (ಮಕ್ಕಳು ಹಾಗೇ ಬರೆಯುತ್ತಾರೆ). ಸಾಮಾನ್ಯವಾಗಿ ನಾವು ಉಸಿರಾಡುವ ಗಾಳಿಯೇ, ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿದ್ದು.

ಇಂಥದ್ದೊಂದು ಹಳೆಯ ಅಲ್ಯೂಮಿನಿಯಂ ಸಿಲಿಂಡರ್ ಉಳಿದುಬಿಟ್ಟರೆ? ಹೊರಮೈ ಹೊಳೆಯುತ್ತಿದ್ದರೆ ಸಾಲದು. ಅಮೆರಿಕದಲ್ಲಿ 1980ರ ದಶಕದ ಕೊನೆಯವರೆಗೆ ಬಹಳಷ್ಟನ್ನು 6351 ಎಂಬ ಮಿಶ್ರಲೋಹದಿಂದ ಮಾಡುತ್ತಿದ್ದರು. ಅವುಗಳ ಕತ್ತಿನೊಳಗೆ, ವಾಲ್ವ್ ಕೂರುವ ಥ್ರೆಡ್ ಬಳಿ, ವರ್ಷಗಟ್ಟಲೆ ಒತ್ತಡ ತಡೆದು ಬಿರುಕು ಬೆಳೆಯಬಲ್ಲದು. ಕೆಲವು ಗಾಳಿ ತುಂಬುವಾಗಲೇ ಸಿಡಿದು, ತುಂಬುತ್ತಿದ್ದವರು ಗಾಯಗೊಂಡರು. ಆಮೇಲೆ 6061 ಬಂತು. ಸಿಲಿಂಡರಿನ ಭುಜದ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಓದಿ. ಪರೀಕ್ಷಾ ಕೇಂದ್ರದಲ್ಲಿ ಒಳಗೆ ನೋಡಿಸಿ, ನೀರಿನ ಒತ್ತಡದ ಪರೀಕ್ಷೆ ಮಾಡಿಸಿ.

ಅಲ್ಲಿ ಬೇಡವೆಂದರೆ ಉಳಿಯುವುದು ಗುಜರಿ ಅಂಗಡಿ. ಇದ್ದ ಹಾಗೇ ಎಸೆದು ಬಂದರೆ, ಗ್ಯಾಸ್ ಕಟರ್ ಹಿಡಿಯುವ ಹುಡುಗನಿಗೆ ಒಳಗೆ ಒತ್ತಡ ಉಳಿದಿದೆಯೋ ಇಲ್ಲವೋ ಗೊತ್ತಾಗದು. ಆ ಹುಡುಗ ಯಾವ ಕೇರಿಯವನೆಂದು ನಿಮಗೆ ಹೇಳಬೇಕಿಲ್ಲ. ಮೊದಲ ಶೀಲವನ್ನು ನಾವು ಊಟದ ತಟ್ಟೆಗಷ್ಟೇ ಸೀಮಿತ ಮಾಡಿಕೊಂಡಿದ್ದೇವೆ. ನನ್ನ ಮಟ್ಟಿಗೆ ಅದು ಇವನ ಕೈಗಳಿಗೂ ಸೇರಿದ್ದು. ಬಲ್ಲವರಿಂದ ನಿಧಾನವಾಗಿ ಗಾಳಿ ಬಿಡಿಸಿ, ವಾಲ್ವ್ ತೆಗೆಸಿ, ಮತ್ತೆ ಯಾರೂ ತುಂಬಲಾಗದಂತೆ ತೂತು ಕೊರೆಸಿ ಕೊಡಿ.

ಹೊರದೇಶಗಳಲ್ಲಿ ಕೆಲವರು ತಳ ಕತ್ತರಿಸಿ ಗಂಟೆಯಾಗಿ ತೂಗುಹಾಕುತ್ತಾರೆ. ನಾದ ಚೆನ್ನಾಗಿರುತ್ತದಂತೆ.