ಉಪಗ್ರಹ ಕೈಕೊಟ್ಟರೆ ರೇಡಿಯೋ ದಾರಿ ತೋರೀತೇ?

ಮೊಬೈಲ್ ನಕಾಶೆ ನಾವಿರುವ ಜಾಗ ತೋರಿಸೋದು ಉಪಗ್ರಹಗಳಿಂದ. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ನಮ್ಮ ದೇಶದ ನಾವಿಕ್ ಕೂಡ ಉಪಗ್ರಹದ್ದೇ. ಅಷ್ಟು ದೂರದಿಂದ ಬರೋ ಅಲೆ ಬಹಳ ಕ್ಷೀಣ, ಸಂತಿಯೊಳಗ ಪಿಸುಮಾತು ಆಡಿದಂಗ. ಹತ್ತಿರ ನಿಂತು ಯಾರರೆ ಕೂಗಿದರೆ ಮುಗೀತು. 2016ರಲ್ಲಿ ಉತ್ತರ ಕೊರಿಯಾ ಹೀಗೇ ಅಡ್ಡಿಪಡಿಸಿದಾಗ ದಕ್ಷಿಣ ಕೊರಿಯಾದ ನೂರಾರು ಹಡಗು, ದೋಣಿಗಳು ಬಂದರಿಗೆ ಮರಳಬೇಕಾಯಿತು.

ಆಮೇಲೆ ಆ ದೇಶ ಇ-ಲೋರಾನ್ ಎಂಬ ನೆಲದ ರೇಡಿಯೋ ವ್ಯವಸ್ಥೆಯನ್ನು ಪರೀಕ್ಷೆಗೆ ಇಳಿಸಿತು. ಅದರ ಕಂಪನಾಂಕ 100 ಕಿಲೋಹರ್ಟ್ಸ್, ಒಂದು ಅಲೆಯ ಉದ್ದ 3 ಕಿ.ಮೀ.! ಈ ಅಲೆ ನೆಲ ಹಿಡಿದು ದೂರ ಸಾಗತೈತಿ, ಬಲವೂ ಜಾಸ್ತಿ. ಬೇರೆಬೇರೆ ಕೇಂದ್ರಗಳ ಅಲೆ ಬಂದು ಮುಟ್ಟಿದ ಸಮಯದ ವ್ಯತ್ಯಾಸದಿಂದ ಜಾಗದ ಲೆಕ್ಕ ಹಾಕತಾರ.

ನಮ್ಮ ಸಾಲಿಯೊಳಗ ಅಷ್ಟು ಸೂಕ್ಷ್ಮ ಗಡಿಯಾರ ಎಲ್ಲಿಂದ ಬರಬೇಕು? ಅದಕ್ಕೇ ಸಮಯ ಬಿಟ್ಟು ದಿಕ್ಕು ಹಿಡಿದೆವು. ಬಯಲಿನಲ್ಲಿ ಟ್ರಾನ್ಸಿಸ್ಟರಿಗೆ ಧಾರವಾಡ ಆಕಾಶವಾಣಿ ಹಚ್ಚಿ (ಮಧ್ಯಮ ತರಂಗ, 765 ಕಿಲೋಹರ್ಟ್ಸ್) ಮೆಲ್ಲಗೆ ತಿರುಗಿಸಿದೆವು. ಒಂದು ಕಡೆ ಧ್ವನಿ ತೀರಾ ಸಣ್ಣದಾಯಿತು. ಒಳಗಿನ ಫೆರೈಟ್ ಸಲಾಕೆಯ ತುದಿ ಕೇಂದ್ರದ ಕಡೆ ಬಂದಾಗ ಹಿಂಗಾಗತೈತಿ. ಜೋರಾದ ಕಡೆ ನೋಡಬಾರದು, ಸಣ್ಣಾದ ಕಡೇನೇ ನೋಡಬೇಕು. ನಾವು ಮೊದಲು ತಪ್ಪಿದ್ದು ಇಲ್ಲೇ. ತಗಡಿನ ಮಾಳಿಗೆ, ಕರೆಂಟ್ ತಂತಿ ಹತ್ತಿರ ಇದ್ದರೂ ದಿಕ್ಕು ಕೆಡತೈತಿ.

ಧಾರವಾಡದಿಂದ ಆ ದಿಕ್ಕಿಗೆ ನಕಾಶೆಯ ಮೇಲೆ ಗೆರೆ ಎಳೆದೆವು. ಆದರೆ ಆ ಗೆರೆಯ ಮೇಲೆ ನಾವು ಎಲ್ಲಿ? ಇನ್ನೊಂದು ಕೇಂದ್ರದ ಗೆರೆ ಬಂದು ಕೂಡಿದರಷ್ಟೇ ಜಾಗ ಗೊತ್ತಾಗೋದು. ಭದ್ರಾವತಿ ಕೇಂದ್ರ ಹುಡುಕಿದರೆ ಬರೀ ಗೊರಗೊರ ಸದ್ದು. ಮನೆಯಲ್ಲಿ ಹಳೇ ದೊಡ್ಡ ರೇಡಿಯೋ ಇದ್ದವರು ಶನಿವಾರ ತರ್ರಿ, ಎರಡನೇ ಗೆರೆ ಹುಡುಕೋಣ.