ಹಾಗರಳಿಗೆ ಕೇಳಿದ ಎರಡು ಪ್ರಶ್ನೆಗಳು: ಪರದೇಶದ ಮನೆಗೆಲಸಕ್ಕೆ ಹೋಗುವವರ ವಿಷಯವಾದ ಪಾಠ

ಓದತಕ್ಕ ಭಾಗಗಳು: ಆದಿಕಾಂಡ 16 ಮತ್ತು 21; ಧರ್ಮೋಪದೇಶಕಾಂಡ 23:15, 16 ಮತ್ತು 24:14, 15.



ಹಾಗರಳ ಚರಿತ್ರೆಯು ನಮ್ಮ ಸಭೆಗಳಲ್ಲಿ ಅನೇಕಾವರ್ತಿ ಓದಲ್ಪಟ್ಟಿದೆ. ಅವಳು ಐಗುಪ್ತ ದೇಶದವಳು. ಕಾನಾನಿನಲ್ಲಿ ಅನ್ಯರ ಮನೆಯಲ್ಲಿ ಸಾರಯಳಿಗೆ ದಾಸಿಯಾಗಿದ್ದಳು. ಆ ಅಧ್ಯಾಯವನ್ನು ನಿಧಾನವಾಗಿ ಓದುವವರಿಗೆ ಒಂದು ಸಂಗತಿಯು ಕಾಣುವದು. ಅಬ್ರಾಮನಾಗಲಿ ಸಾರಯಳಾಗಲಿ ತಮ್ಮ ಮಾತಿನಲ್ಲಿ ಅವಳ ಹೆಸರನ್ನು ಹೇಳುವದೇ ಇಲ್ಲ; ದಾಸಿ ಎಂದೇ ಅನ್ನುತ್ತಾರೆ. ಬಾಧೆಯನ್ನು ತಾಳಲಾರದೆ ಅವಳು ಓಡಿಹೋಗಿ, ಶೂರಿನ ದಾರಿಯಲ್ಲಿ, ಅಂದರೆ ತನ್ನ ತವರುದೇಶದ ಕಡೆಗೆ ಹೋಗುವ ದಾರಿಯಲ್ಲಿ, ನೀರಿನ ಬುಗ್ಗೆಯ ಬಳಿ ಇದ್ದಾಗ ದೇವದೂತನೇ ಅವಳನ್ನು ಹೆಸರು ಹಿಡಿದು ಕರೆದನು. ಕರೆದು, ಬಂದದ್ದು ಎಲ್ಲಿಂದ, ಹೋಗುವದು ಎಲ್ಲಿಗೆ ಎಂದು ವಿಚಾರಿಸಿದನು. ಮಗಳನ್ನು ಪರದೇಶದ ಮನೆಗೆಲಸಕ್ಕೆ ಕಳುಹಿಸುವ ತಂದೆತಾಯಿಗಳು ಮೊದಲು ಕೇಳತಕ್ಕ ಪ್ರಶ್ನೆಗಳೂ ಇವೇ.

ಹೋಗುವದಕ್ಕೆ ಕಾರಣ

ಹಾಸನದಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರುಷ, ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಬೆಲೆ ಇಳಿದ ವರುಷ, ಚನ್ನರಾಯಪಟ್ಟಣದಲ್ಲಿ ತೆಂಗು ಒಣಗಿದ ವರುಷ, ಹೊಳೆನರಸೀಪುರದಲ್ಲಿ ನಾಲೆಗೆ ನೀರು ಬಾರದ ವರುಷ, ಸಾಲವು ಮನೆಯೊಳಗೆ ಬಂದು ಕೂತುಕೊಳ್ಳುವದು. ಆಗ ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೋಗುವಳು. ಅಲ್ಲಿ ಯಾವನೋ ದಲ್ಲಾಳಿಯು ಕುವೈತ್, ಸೌದಿ ಅರೇಬಿಯಾ, ಓಮಾನ್ ಎಂಬ ಹೆಸರುಗಳನ್ನು ಅವಳ ಕಿವಿಗೆ ಹಾಕುವನು. ನೆರೆಯ ಆಂಧ್ರದ ಕಡಪ ಮತ್ತು ಗೋದಾವರಿ ಸೀಮೆಗಳಿಂದ ಸ್ತ್ರೀಯರು ಬಹು ಕಾಲದಿಂದ ಈ ಕೆಲಸಕ್ಕೆ ಕುವೈತಿಗೆ ಹೋಗುತ್ತಿದ್ದಾರೆ. ಅನೇಕರು ಮನೆ ಕಟ್ಟಿಸಿ ಮಕ್ಕಳನ್ನು ಓದಿಸಿದ್ದಾರೆ. ಆದದರಿಂದ ಹೋಗುವದೇ ತಪ್ಪೆಂದು ನಾವು ಬೋಧಿಸುವದಿಲ್ಲ. ರೂತಳೂ ಪರದೇಶಕ್ಕೆ ಹೋಗಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳಲ್ಲವೇ? ಹೋಗುವಾಗ ಯಾವ ಬಾಗಿಲಿಂದ ಹೋಗುತ್ತಾಳೆಂಬದೇ ನೋಡತಕ್ಕ ವಿಷಯ.

ಮೊದಲನೆಯ ಪ್ರಶ್ನೆ: ಎಲ್ಲಿಂದ?

ನಮ್ಮ ದೇಶದ 1983ರ ವಲಸೆ ಕಾಯಿದೆಯ ಮೇರೆಗೆ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರು ಕೊಲ್ಲಿಯ ರಾಜ್ಯಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕಾಗಿ ಹೋಗಬೇಕಾದರೆ ಸರಕಾರದ ವಲಸೆ ಅನುಮತಿಯನ್ನು ಪಡೆಯಬೇಕು. ಇಂಥವರಲ್ಲಿ 30 ವರುಷ ತುಂಬದ ಸ್ತ್ರೀಗೆ ಮನೆಗೆಲಸಕ್ಕೆ ಅನುಮತಿ ಇಲ್ಲ. ಅನುಮತಿಯೊಡನೆ ಹೋಗುವವಳಿಗೆ ಕೆಲಸದ ಕರಾರು ಇರುವದು. ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಅವಳ ಹೆಸರಿಗೆ 10 ಲಕ್ಷ ರೂಪಾಯಿಯ ವಿಮೆ ಆಗುವದು. ಯಾವ ಮನೆಗೆ ಹೋದಳೆಂಬದು ನಮ್ಮ ರಾಯಭಾರ ಕಚೇರಿಗೆ ಗೊತ್ತಿರುವದು.

ಈಗ 22 ವರುಷದ ಹುಡುಗಿಯ ಮನೆಗೆ ದಲ್ಲಾಳಿಯು ಬಂದನೆನ್ನಿರಿ. ಅವನು ಹೀಗೆ ಹೇಳುವನು: “ಅಮ್ಮಾ, ವಯಸ್ಸಿನ ಚಿಂತೆ ನಿಮಗೆ ಬೇಡ. ನೆಂಟರನ್ನು ನೋಡಲು ಹೋಗುವವಳೆಂದು ಸಂದರ್ಶನದ ವೀಸಾ ಮಾಡಿಸುತ್ತೇನೆ. ಅಲ್ಲಿಗೆ ಹೋದ ಮೇಲೆ ಕೆಲಸದ ಕಾಗದ ತಾನಾಗಿ ಆಗುತ್ತದೆ.” ಹಣವು ಕಡಿಮೆ, ದಿನಗಳೂ ಕಡಿಮೆ. ಆದರೆ ಈ ದಾರಿಯಲ್ಲಿ ಹೋದವಳು ಸರಕಾರದ ಲೆಕ್ಕದಲ್ಲಿ ಕೆಲಸಗಾರಳಲ್ಲ, ನೆಂಟಳು. ಅವಳಿಗೆ ಕರಾರಿಲ್ಲ, ವಿಮೆಯಿಲ್ಲ. ಯಜಮಾನನ ಹೆಸರು ನಮ್ಮ ಯಾವ ಪುಸ್ತಕದಲ್ಲಿಯೂ ಇಲ್ಲ. ವಯಸ್ಸಿನ ನಿಯಮವು ಹುಡುಗಿಯರ ರಕ್ಷಣೆಗೆಂದೇ ಆಗಿದೆ. ಆದರೂ ಸಾಲದ ಮನೆಯಲ್ಲಿ ಮುಂಬಾಗಿಲು ಮುಚ್ಚಿದಾಗ ದಲ್ಲಾಳಿಯು ಹಿಂಬಾಗಿಲನ್ನು ತೆರೆಯುತ್ತಾನೆ. ಬಾಗಿಲನ್ನು ಬಿಟ್ಟು ಬೇರೆ ಕಡೆಯಿಂದ ಕುರಿಹಟ್ಟಿಯನ್ನು ಹತ್ತುವವನು ಎಂಥವನೆಂದು ಕರ್ತನು ಹೇಳಿದ್ದನ್ನು ನೆನಸಿಕೊಳ್ಳಿರಿ.

ಎರಡನೆಯ ಪ್ರಶ್ನೆ: ಎಲ್ಲಿಗೆ?

ಕುವೈತ್ ದೇಶವು 2015ರಲ್ಲಿ ಮನೆಗೆಲಸದವರಿಗಾಗಿ 68ನೆಯ ಕಾಯಿದೆಯನ್ನು ಮಾಡಿತು. ದಿನಕ್ಕೆ 12 ತಾಸಿಗೆ ಮೀರಿ ದುಡಿಸಬಾರದು. ವಾರಕ್ಕೆ ಒಂದು ದಿನ ಬಿಡುವು ಕೊಡಬೇಕು. ಕೆಲಸದವಳ ಪಾಸ್‌ಪೋರ್ಟನ್ನು ಯಜಮಾನನು ಇಟ್ಟುಕೊಳ್ಳಬಾರದು. 2016ರಲ್ಲಿ ತಿಂಗಳಿಗೆ 60 ದಿನಾರು ಕನಿಷ್ಠ ಸಂಬಳವೆಂದು ಗೊತ್ತುಮಾಡಿದರು. ಕಾಗದದಲ್ಲಿ ಇವು ಒಳ್ಳೆಯವುಗಳೇ. ಆದರೆ ಕೊಲ್ಲಿಯ ರಾಜ್ಯಗಳಲ್ಲಿ ಕಫಾಲಾ ಎಂಬ ಪದ್ಧತಿ ಉಂಟು. ಅದರ ಮೇರೆಗೆ ಕೆಲಸದವಳು ಆ ದೇಶದಲ್ಲಿ ವಾಸಿಸುವ ಹಕ್ಕು ಯಜಮಾನನ ಹೆಸರಿಗೆ ಕಟ್ಟಲ್ಪಟ್ಟಿದೆ. ಅವನ ಅಪ್ಪಣೆಯಿಲ್ಲದೆ ಮನೆಯನ್ನು ಬಿಟ್ಟವಳ ಮೇಲೆ ಓಡಿಹೋದಳೆಂಬ ದೂರು ಬೀಳುವದು. ಮನೆಯ ಗೋಡೆಗಳೊಳಗೆ ಕಾಯಿದೆಯನ್ನು ನೋಡಿಕೊಳ್ಳುವವರು ಕಡಿಮೆ.

ನಮ್ಮ ಕರಾವಳಿ ಸೀಮೆಯ ಒಬ್ಬ ಸ್ತ್ರೀಯನ್ನು 2016ರಲ್ಲಿ ಕತಾರಿಗೆಂದು ಹೇಳಿ ಸೌದಿ ಅರೇಬಿಯಾಕ್ಕೆ ಕಳುಹಿಸಿದರು. ಅವಳು ಹಿಂತಿರುಗಲು ಕೇಳಿದಾಗ ಯಜಮಾನನು, ದಲ್ಲಾಳಿಗೆ ತಾನು ಕೊಟ್ಟ ಹಣವನ್ನು ತೀರಿಸಬೇಕೆಂದನು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಬಹಳ ಪ್ರಯಾಸಪಟ್ಟ ಮೇಲೆ 2017ರಲ್ಲಿ ಅವಳು ಮನೆ ಸೇರಿದಳು. ಎಲ್ಲಿಗೆ ಎಂಬ ಪ್ರಶ್ನೆಗೆ ದೇಶದ ಹೆಸರೇ ಸುಳ್ಳಾದರೆ ಮಿಕ್ಕದ್ದನ್ನು ಹೇಳುವದೇನು?

ಒಂದು ಸಂದೇಹ

ದೂತನು ಹಾಗರಳಿಗೆ ಹಿಂತಿರುಗಿ ಒಡತಿಗೆ ಅಡಗಿರಲು ಹೇಳಿದನಲ್ಲಾ, ನಾವು ಕೂಡ ನಮ್ಮ ಮಕ್ಕಳಿಗೆ ತಾಳಿಕೊಂಡಿರು ಎನ್ನಬೇಕೋ ಎಂದು ಕೆಲವರು ಕೇಳಬಹುದು. ಆಗ ಅವಳು ಗರ್ಭಿಣಿಯಾಗಿ ಅಡವಿಯಲ್ಲಿ ಒಂಟಿಯಾಗಿದ್ದಳೆಂಬದನ್ನು ಮರೆಯಬಾರದು. ಮುಂದೆ ಮೋಶೆಯ ಧರ್ಮಶಾಸ್ತ್ರವು ಯಜಮಾನನಿಂದ ತಪ್ಪಿಸಿಕೊಂಡು ಬಂದವನನ್ನು ತಿರಿಗಿ ಒಪ್ಪಿಸಕೂಡದೆಂತಲೂ, ಪರದೇಶದವನಾದರೂ ಕೂಲಿಯವನಿಗೆ ಹೊತ್ತು ಮುಳುಗುವದರೊಳಗೆ ಕೂಲಿ ಕೊಡಬೇಕೆಂತಲೂ ವಿಧಿಸಿತು. ಆದದರಿಂದ ಹೊಡೆತವನ್ನೂ ಹಸಿವನ್ನೂ ಮಾನಹಾನಿಯನ್ನೂ ತಾಳಿಕೊಂಡಿರೆಂದು ಮಗಳಿಗೆ ಹೇಳುವದು ವೇದವಾಕ್ಯದ ಬೋಧನೆಯಲ್ಲ. ಸಾಲ ತೀರಲೆಂದು ತಂದೆಯೇ ಹಾಗೆ ಹೇಳಿದರೆ, ಆ ಸಾಲವನ್ನು ಮಗಳ ಮೈಯಿಂದ ತೀರಿಸಿದಂತಾಯಿತು. ಅಂಥವಳು ನಮ್ಮ ರಾಯಭಾರ ಕಚೇರಿಯನ್ನು ಸೇರಬೇಕು. ಕಷ್ಟದಲ್ಲಿ ಬಿದ್ದವರ ಆಶ್ರಯಕ್ಕೂ ಪ್ರಯಾಣದ ಖರ್ಚಿಗೂ ಅಲ್ಲಿ 2009ರಲ್ಲಿ ಏರ್ಪಟ್ಟ ಭಾರತೀಯ ಸಮುದಾಯ ಕಲ್ಯಾಣ ನಿಧಿ ಉಂಟು.

ಸಭೆಯವರು ಮಾಡತಕ್ಕದ್ದು

1. ದಲ್ಲಾಳಿಯು ಬಂದರೆ ಅವನ ನೋಂದಣಿ ಸಂಖ್ಯೆಯನ್ನು ಕೇಳಿರಿ. ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದು ಉಂಟೋ ಇಲ್ಲವೋ ಎಂದು ಓದುಬರಹ ಬಲ್ಲ ಯುವಕರು ನೋಡಿಕೊಡಲಿ. ನೋಂದಾಯಿತ ಏಜಂಟನು ಸಹ 30,000 ರೂಪಾಯಿಗೂ ಅದರ ತೆರಿಗೆಗೂ ಮೀರಿ ಸೇವಾಶುಲ್ಕವನ್ನು ತೆಗೆದುಕೊಳ್ಳಕೂಡದು.

2. ಸಂದರ್ಶನದ ವೀಸಾದ ಮೇಲೆ ಕೆಲಸಕ್ಕೆ ಕಳುಹಿಸುವದಿಲ್ಲವೆಂದು ಹಿರಿಯರು ಕೂಡಿ ನಿಶ್ಚಯಿಸಲಿ. ಆ ಮನೆಯವರ ಸಾಲಕ್ಕೆ ಬೇರೆ ದಾರಿಯನ್ನು ಸಹ ಅವರೇ ವಿಚಾರಿಸಲಿ. ಬೇಡವೆಂದು ಹೇಳಿ ಕೈ ತೊಳೆದುಕೊಳ್ಳುವದು ಸಾಲದು.

3. ಹೋಗುವವಳ ಪಾಸ್‌ಪೋರ್ಟ್, ವೀಸಾ, ಕರಾರು ಇವುಗಳ ನಕಲುಗಳು ಮನೆಯಲ್ಲಿ ಒಂದು, ಸಭೆಯ ಪೆಟ್ಟಿಗೆಯಲ್ಲಿ ಒಂದು ಇರಲಿ. ರಾಯಭಾರ ಕಚೇರಿಯ ದೂರವಾಣಿಯ ಸಂಖ್ಯೆಯನ್ನು ಅವಳು ಬಾಯಿಪಾಠ ಮಾಡಲಿ. ಚೀಲವನ್ನು ಕಸಕೊಂಡರೂ ಬಾಯಿಪಾಠವನ್ನು ಯಾರೂ ಕಸಕೊಳ್ಳಲಾರರು.

4. ಭಾನುವಾರದ ಪ್ರಾರ್ಥನೆಯಲ್ಲಿ ದೂರದಲ್ಲಿರುವವರೆಂದು ಒಟ್ಟಾಗಿ ಹೇಳದೆ ಅವಳ ಹೆಸರನ್ನು ಹೇಳಿರಿ. ಎರಡು ವಾರ ಅವಳಿಂದ ಸುದ್ದಿ ಬಾರದಿದ್ದರೆ ಆ ಹೆಸರನ್ನು ಹೇಳುವಾಗ ಯಾರಾದರೂ ವಿಚಾರಿಸದೆ ಇರಲಾರರು.

5. ಹಿಂತಿರುಗಿ ಬಂದವಳ ಮೇಲೆ ಸಂಶಯದ ಮಾತು ಆಡಬೇಡಿರಿ. ಬರಿಗೈಯಲ್ಲಿ ಬಂದಳೆಂದು ನಗಬೇಡಿರಿ. ಊರಿನ ನಾಲಿಗೆಗೆ ಅಂಜಿ ಬಾಧೆಯ ಮನೆಯಲ್ಲಿಯೇ ಉಳಿದವರು ಉಂಟು.

ಹಾಗರಳು ದೇವರನ್ನು, ತನ್ನನ್ನು ನೋಡುವಾತನೆಂದು ಕರೆದಳು. ಆತನು ನೋಡುತ್ತಾನೆಂದು ನಂಬುವ ನಾವು ಕಣ್ಣು ಮುಚ್ಚಿಕೊಂಡಿರಬಹುದೋ?

ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಊರಿನಿಂದ ಕೆಲಸಕ್ಕೆ ಹೊರಗೆ ಹೋಗಿರುವ ಹುಡುಗಿಯರ ಹೆಸರುಗಳನ್ನೂ, ಅವರು ಇರುವ ಮನೆಗಳ ವಿಳಾಸಗಳನ್ನೂ ಸಭೆಯಲ್ಲಿ ಯಾರು ಬಲ್ಲರು?

2. ಕರಾರಿನ ಕಾಗದವನ್ನು ಓದಲಾರದ ಮನೆಗೆ ಅದನ್ನು ಓದಿ ಹೇಳುವವರು ಯಾರು?

3. ನಮ್ಮ ಮನೆಗಳಲ್ಲಿಯೂ ಹೊಲಗಳಲ್ಲಿಯೂ ಕೂಲಿ ಮಾಡುವವರಿಗೆ ನಾವು ಹೊತ್ತಿಗೆ ಕೂಲಿ ಕೊಡುತ್ತೇವೋ?