ನೇಮಕಾತಿಯ ಲೆಕ್ಕ

ಸರ್ಕಾರದ ಒಂದು ಹುದ್ದೆಗೆ ಅರ್ಜಿ ಸಲ್ಲಿಸುವವರು ಸಾವಿರಾರು ಮಂದಿ, ನೇಮಕಗೊಳ್ಳುವವನು ಒಬ್ಬನೇ. ಹೀಗೆ ನೇಮಕಗೊಂಡವರೆಲ್ಲರೂ ಯಾವ ಯಾವ ಸಮುದಾಯಗಳಿಂದ ಬಂದವರೆಂಬುದನ್ನು ಯಾರೂ ಎಣಿಸದಿದ್ದರೆ, ಬಾಗಿಲು ಸರ್ವರಿಗೂ ತೆರೆದಿದೆಯೆಂದು ಹೇಳಿಕೊಳ್ಳುವುದು ಬಹು ಸುಲಭ. ಮೈಸೂರು ಸಂಸ್ಥಾನದಲ್ಲಿ ಈ ಎಣಿಕೆಯ ಪ್ರಶ್ನೆ ಶತಮಾನಕ್ಕೂ ಹಿಂದೆಯೇ ಎದ್ದಿತು.

ಆ ಕಾಲದಲ್ಲಿ ಸಂಸ್ಥಾನದ ಮೇಲ್ದರ್ಜೆಯ ಹುದ್ದೆಗಳಲ್ಲಿ ಬಹುಪಾಲು, ಜನಸಂಖ್ಯೆಯಲ್ಲಿ ಅತ್ಯಲ್ಪವಾಗಿದ್ದ ಬ್ರಾಹ್ಮಣ ಸಮುದಾಯದವರಲ್ಲಿದ್ದವು. ಇಂಗ್ಲಿಷ್ ವಿದ್ಯೆ ಅವರಲ್ಲಿ ಮೊದಲು ಹಬ್ಬಿದ್ದುದು ಇದಕ್ಕೆ ಮುಖ್ಯ ಕಾರಣ. ಯೋಗ್ಯತೆಯೊಂದನ್ನೇ ನೋಡಬೇಕೆಂಬ ವಾದವೂ ಇತ್ತು. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದವನಿಗೆ ಆ ಯೋಗ್ಯತೆ ಬರುವುದಾದರೂ ಎಲ್ಲಿಂದ?

ಇತರ ಸಮುದಾಯಗಳ ಮುಖಂಡರು ಮಾಡಿಕೊಂಡ ಮನವಿಯನ್ನು ಮನ್ನಿಸಿ, ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಅವರು ಅದೇ ವರ್ಷ ಪದವಿಯನ್ನು ತ್ಯಜಿಸಿದರು. 1919ರಲ್ಲಿ ಸಮಿತಿಯು ವರದಿಯನ್ನು ಸಲ್ಲಿಸಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಮೆಯಿಲ್ಲದಂತೆ, ಬ್ರಾಹ್ಮಣೇತರ ಸಮುದಾಯಗಳವರು ಇರಬೇಕೆಂದೂ, ಅರ್ಹರು ದೊರೆತಲ್ಲಿ ದಲಿತ ವರ್ಗದವರಿಗೆ ಆದ್ಯತೆ ಸಲ್ಲಬೇಕೆಂದೂ ಅದು ಶಿಫಾರಸು ಮಾಡಿತು. ಈ ಪ್ರಮಾಣವು ಪ್ರತಿಯೊಂದು ದರ್ಜೆಯಲ್ಲಿಯೂ, ಸಾಧ್ಯವಾದಮಟ್ಟಿಗೆ ಪ್ರತಿಯೊಂದು ಕಚೇರಿಯಲ್ಲಿಯೂ ಇರಬೇಕೆಂದು ಹೇಳಿದುದೇ ವರದಿಯ ಜಾಣ್ಮೆ. ಒಟ್ಟು ಲೆಕ್ಕವೊಂದನ್ನೇ ಹಿಡಿದಿದ್ದರೆ ಜವಾನರ ಸಂಖ್ಯೆಯನ್ನು ತೋರಿಸಿ ಅಧಿಕಾರಿಗಳ ಪಟ್ಟಿಯನ್ನು ಮರೆಮಾಡಬಹುದಾಗಿತ್ತು. 1921ರಲ್ಲಿ ಸರ್ಕಾರ ಈ ಕುರಿತು ಆಜ್ಞೆ ಹೊರಡಿಸಿತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 16ನೆಯ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಸಮಾನಾವಕಾಶದ ಭರವಸೆಯಿತ್ತು, ಸಾಕಷ್ಟು ಪ್ರಾತಿನಿಧ್ಯವಿಲ್ಲದ ಹಿಂದುಳಿದ ವರ್ಗಗಳಿಗೆ ಮೀಸಲಾತಿಯನ್ನೂ ಅನುಮತಿಸಿತು. ಅದನ್ನು ಕಾಯುವ ಸಾಧನವೇ ರೋಸ್ಟರ್ ಎಂಬ ವಹಿ. ಅದರಲ್ಲಿ ಪ್ರತಿ ಹುದ್ದೆಗೂ ಒಂದು ಕ್ರಮಸಂಖ್ಯೆಯುಂಟು. ಕೇಂದ್ರ ಸರ್ಕಾರದ ಸೇವೆಯಲ್ಲಿ ಇತರ ಹಿಂದುಳಿದ ವರ್ಗಗಳ ಪಾಲು ಶೇಕಡ 27. ನಾಲ್ಕು ಹುದ್ದೆಗಳಿಗೆ ಈ ಪಾಲನ್ನು ಲೆಕ್ಕಹಾಕಿದರೆ ಅದು ಒಂದನ್ನು ದಾಟುತ್ತದೆ. ಆದುದರಿಂದ ಅವರ ಮೊದಲ ಸರದಿ ನಾಲ್ಕನೆಯದು. ಶೇಕಡ 15 ಪಾಲುಳ್ಳ ಪರಿಶಿಷ್ಟ ಜಾತಿಯವರದು ಏಳನೆಯದು, ಶೇಕಡ 7.5 ಪಾಲುಳ್ಳ ಪರಿಶಿಷ್ಟ ಪಂಗಡದವರದು ಹದಿನಾಲ್ಕನೆಯದು. ವಿದ್ಯಾರ್ಥಿಗಳು ಗುಣಿಸಿ ನೋಡಬಹುದು. ಪ್ರತಿ ಸಚಿವಾಲಯದಲ್ಲಿಯೂ ಈ ವಹಿಯನ್ನು ವರ್ಷಕ್ಕೊಮ್ಮೆ ಪರಿಶೀಲಿಸಲು ಸಂಪರ್ಕಾಧಿಕಾರಿಯೊಬ್ಬರಿರುತ್ತಾರೆ.

ಆದರೆ ವಹಿಯನ್ನು ಯಾವ ಘಟಕಕ್ಕೆ ಬರೆಯಬೇಕು? ಇಡೀ ವಿಶ್ವವಿದ್ಯಾಲಯಕ್ಕೋ, ಅದರ ಒಂದೊಂದು ವಿಭಾಗಕ್ಕೋ? 2017ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ವಿಭಾಗವೇ ಘಟಕವೆಂದು ತೀರ್ಪಿತ್ತಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಅದನ್ನು ಅನುಸರಿಸಿ ಆದೇಶ ನೀಡಿತು. ಮೂರೇ ಹುದ್ದೆಗಳಿರುವ ವಿಭಾಗದಲ್ಲಿ ನಾಲ್ಕನೆಯ ಸರದಿ ಬರಬೇಕಾದರೆ ಒಬ್ಬರು ನಿವೃತ್ತರಾಗಬೇಕು. ಹದಿನಾಲ್ಕನೆಯದು ಬರುವ ವೇಳೆಗೆ ಇಂದಿನ ಅಭ್ಯರ್ಥಿಯ ಮೊಮ್ಮಕ್ಕಳು ಅರ್ಜಿ ಹಿಡಿದು ನಿಂತಿರುತ್ತಾರೆ. ಶೇಕಡಾವಾರು ಪ್ರಮಾಣ ಒಂದಿಷ್ಟೂ ಬದಲಾಗಿರಲಿಲ್ಲ, ಎಣಿಸುವ ರೀತಿ ಮಾತ್ರ ಬದಲಾಗಿತ್ತು. ಮಿಲ್ಲರ್ ಸಮಿತಿಯ ಕಾಲದಲ್ಲಿ ಬಿಡಿಬಿಡಿಯಾದ ಎಣಿಕೆ ಹಿಂದುಳಿದವರ ಪಾಲನ್ನು ಕಾಯುವ ಉಪಾಯವಾಗಿದ್ದರೆ, ಇಲ್ಲಿ ಅದೇ ಆ ಪಾಲನ್ನು ಕರಗಿಸಿಬಿಟ್ಟಿತು.

ದೇಶದಲ್ಲೆಲ್ಲ ಅಧ್ಯಾಪಕರು ಪ್ರತಿಭಟಿಸಿದರು. 2019ರ ಮಾರ್ಚಿಯಲ್ಲಿ ಸುಗ್ರೀವಾಜ್ಞೆಯೂ, ಅದೇ ವರ್ಷ ಸಂಸತ್ತಿನ ಅಧಿನಿಯಮವೂ ಬಂದು, ಕೇಂದ್ರೀಯ ವಿಶ್ವವಿದ್ಯಾಲಯವೊಂದರ ಅಧ್ಯಾಪಕ ಹುದ್ದೆಗಳಿಗೆ ಇಡೀ ಸಂಸ್ಥೆಯೇ ಘಟಕವೆಂದು ಗೊತ್ತುಮಾಡಿದುವು.